ಎಂಜಿನ್ ಯಜಮಾನರು: ಒಂದು ಲಕ್ಷಣ ವಿವೇಚನೆ

ಶಿರಸಿ, ಸಾಗರ, ತೀರ್ಥಹಳ್ಳಿ, ಕೊಪ್ಪಗಳ ಸುತ್ತಿನ ಅಡಿಕೆ ತೋಟದ ಮನೆಗಳಲ್ಲಿ, ಅರವತ್ತು ದಾಟಿದ ಗಂಡಸರ ನಡುವೆ ಆಗಾಗ ಕಾಣಸಿಗುವ ಒಂದು ಪ್ರಭೇದವನ್ನು ವಿವೇಚನೆಯ ಅನುಕೂಲಕ್ಕಾಗಿ ‘ಎಂಜಿನ್ ಯಜಮಾನರು’ ಎಂದು ಹೆಸರಿಸಬಹುದು. ಯಕ್ಷಗಾನದ ಹುಚ್ಚಿನವರು, ಇಸ್ಪೀಟಿನವರು, ಕೋರ್ಟು ವ್ಯಾಜ್ಯದವರು ಎಂಬ ಹಳೆಯ ವರ್ಗಗಳ ಮುಂದೆ ಇವರ ಸಂಖ್ಯೆ ಕಡಿಮೆಯೇ. ಆದರೆ ಯಕ್ಷಗಾನದ ಹುಚ್ಚು ಕೇಳುವುದು ರಾತ್ರಿಯ ನಿದ್ದೆಯನ್ನು ಮಾತ್ರ, ವ್ಯಾಜ್ಯದ ಹುಚ್ಚು ಕೇಳುವುದು ಅಡಿಕೆ ಮಾರಿದ ಹಣವನ್ನು ಮಾತ್ರ, ಎಂಜಿನಿನ ಹುಚ್ಚು ಇವೆರಡನ್ನೂ ಕೇಳಿ ಅದರ ಮೇಲೆ ಜಗಲಿಯನ್ನೂ ಕೇಳುತ್ತದೆ. ಬ್ಯಾಂಕಿನಲ್ಲೋ ಹೈಸ್ಕೂಲಿನಲ್ಲೋ ದುಡಿದು ನಿವೃತ್ತರಾದವರು, ಅಥವಾ ಹುಟ್ಟಿದ ಮನೆ ಬಿಟ್ಟು ಎಲ್ಲಿಗೂ ಹೋಗದೆ ತೋಟ ನೋಡಿಕೊಂಡಿದ್ದು ಈಗ ಅದರ ಲೆಕ್ಕಪತ್ರವನ್ನು ಮಗನಿಗೆ ಒಪ್ಪಿಸಿದವರು, ಹೀಗೆ ಕೈ ಖಾಲಿಯಾದ ಗಳಿಗೆಯಲ್ಲಿ ಕೊಟ್ಟಿಗೆಯ ಮೂಲೆಯತ್ತ ಕಣ್ಣು ಹಾಯಿಸಿ, ಅಲ್ಲಿ ಗೋಣಿತಾಟಿನಡಿ ಮಲಗಿದ್ದ ಹಳೆಯ ಡೀಸೆಲ್ ಎಂಜಿನನ್ನು ಕಂಡರೆಂದರೆ ಪ್ರಭೇದದ ಹುಟ್ಟು ಸಂಪನ್ನವಾಯಿತೆಂದು ತಿಳಿಯಬೇಕು.

ಆ ಎಂಜಿನ್ ಅನೇಕ ಮನೆಗಳಲ್ಲಿ ಕಿರ್ಲೋಸ್ಕರ್ ಕಂಪನಿಯ ಎವಿ-1 ಎಂಬ ಮಾದರಿಯದು: ಒಂದೇ ಸಿಲಿಂಡರು, ಐದು ಎಚ್‌ಪಿ, ನಿಮಿಷಕ್ಕೆ 1500 ಸುತ್ತು, ಸಿಲಿಂಡರಿನ ಒಳವ್ಯಾಸ 80 ಮಿಲಿಮೀಟರು, ಅದರೊಳಗೆ ಪಿಸ್ಟನ್ ಏರಿಳಿಯುವ ದೂರ 110 ಮಿಲಿಮೀಟರು, ತಣಿಸುವುದಕ್ಕೆ ಪಕ್ಕದಲ್ಲೊಂದು ನೀರಿನ ಡ್ರಮ್ಮು. ತೋಟಕ್ಕೆ ಕರೆಂಟು ಬರುವ ಮೊದಲು ಕೆರೆಯ ನೀರನ್ನು ಎತ್ತಿದ್ದು, ಆಲೆಮನೆಯಲ್ಲಿ ಕೋಣಗಳಿಗೆ ನಿವೃತ್ತಿ ಕೊಟ್ಟು ಕಬ್ಬಿನ ಗಾಣವನ್ನು ತಿರುಗಿಸಿದ್ದು, ಮೇಳದ ಟೆಂಟಿಗೆ ದೀಪ ಹೊತ್ತಿಸಿದ್ದು ಇಂಥ ಎಂಜಿನುಗಳೇ ಆದ್ದರಿಂದ ಪ್ರತಿಯೊಂದು ಎಂಜಿನಿಗೂ ಒಂದು ಸ್ಥಳಪುರಾಣ ಇದ್ದೇ ಇರುತ್ತದೆ. ಯಜಮಾನರು ಅದನ್ನು ಇನ್ನೂ ಹಿಂದಕ್ಕೆ ಒಯ್ಯುತ್ತಾರೆ. ಕಿರ್ಲೋಸ್ಕರ್ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಮೊದಲು ಅಂಗಡಿ ಇಟ್ಟದ್ದು ಬೆಳಗಾವಿಯಲ್ಲಿ, ಅದೂ ಸೈಕಲ್ಲಿನ ಅಂಗಡಿ. ಎಂಜಿನ್ ತಯಾರಿಸುವ ಕಂಪನಿ 1946ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಯಿತೆಂಬ ಮುಂದಿನ ವಾಕ್ಯವನ್ನು ಮಾತ್ರ ಯಜಮಾನರು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿ ಮುಗಿಸುತ್ತಾರೆ.

ಇಷ್ಟು ವರ್ಷ ಮಲಗಿದ್ದ ಎಂಜಿನನ್ನು ಈಗ ಎಬ್ಬಿಸುವುದೇಕೆಂಬ ಪ್ರಶ್ನೆ ಮನೆಯಲ್ಲಿ ಏಳುವುದು ಸಹಜ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಸರ್ಕಾರವೇ ಉಚಿತವಾಗಿ ಕರೆಂಟು ಕೊಡುತ್ತಿರುವ ರಾಜ್ಯದಲ್ಲಿ, ಪೂರ್ಣ ಹೊರೆ ಬಿದ್ದಾಗ ಗಂಟೆಗೆ ಸುಮಾರು ಒಂದು ಲೀಟರು ಡೀಸೆಲ್ ಕುಡಿಯುವ ಯಂತ್ರದಿಂದ ಉಳಿತಾಯ ಹೇಗೆಂದು ಕೇಳಿದವರಿಗೆ ಅವರು ಕೊಡುವ ಉತ್ತರ ಒಂದೇ: ಕರೆಂಟು ಹೋದರೆ ಏನು ಮಾಡುತ್ತೀರಿ? ಉತ್ತರವು ಕೇಳುವುದಕ್ಕೆ ಗಟ್ಟಿಯಾಗಿಯೇ ಇದೆ. ಮಲೆನಾಡಿನಲ್ಲಿ ಮರ ಬಿದ್ದು ತಂತಿ ಹರಿದು ವಾರಗಟ್ಟಲೆ ಕರೆಂಟು ಇಲ್ಲದಿರುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಹಾಗಾಗುವುದು ಆಷಾಢ ಶ್ರಾವಣಗಳ ಮಳೆಯಲ್ಲಿ, ಆಗ ತೋಟದ ಕಪ್ಪುಗಳಲ್ಲಿ, ಎಂದರೆ ಸಾಲುಗಳ ನಡುವಿನ ಬಸಿಗಾಲುವೆಗಳಲ್ಲಿ, ನೀರು ತಾನಾಗಿಯೇ ಹರಿಯುತ್ತಿರುತ್ತದೆ; ಇದ್ದ ನೀರನ್ನು ಹೊರಗೆ ಹಾಕುವ ಚಿಂತೆಯೇ ಹೊರತು ಇನ್ನಷ್ಟು ಎತ್ತಿ ಹಾಯಿಸುವ ಅಗತ್ಯ ಯಾರಿಗೂ ಇರುವುದಿಲ್ಲ. ಈ ಲೋಪವನ್ನು ತೋರಿಸಿಕೊಟ್ಟ ಸೊಸೆಯ ಬಗ್ಗೆ ಯಜಮಾನರಿಗೆ ಗೌರವ ಹೆಚ್ಚುತ್ತದೆ, ವಾದ ಬದಲಾಗುವುದಿಲ್ಲ.

ನಿಜವಾದ ಕಾರಣ ನೀರಿನದಲ್ಲ, ಅಧಿಕಾರದ್ದು. ಎಂಜಿನ್ ಓಡುತ್ತಿದ್ದ ಕಾಲದಲ್ಲಿ ಅದನ್ನು ಹ್ಯಾಂಡಲ್ ತಿರುಗಿಸಿ ಹೊರಡಿಸಲು ಬಲ್ಲವರು ಮನೆಗೊಬ್ಬರೇ ಇದ್ದರು. ಇಡೀ ತೋಟ, ಮನೆಯ ಮುಂದಿನ ಹೂವಿನ ಗಿಡ, ಬಚ್ಚಲಿನ ಹಂಡೆ, ಎಲ್ಲವೂ ಆ ಒಬ್ಬರ ತೋಳಿಗಾಗಿ ಕಾಯಬೇಕಿತ್ತು, ಅವರು ನೆಂಟರ ಮನೆಗೆ ಹೊರಟರೆ ಸಸಿಗಳು ಬಾಡುತ್ತಿದ್ದವು. ಈಗಿನ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಎಂಬ ಪೆಟ್ಟಿಗೆ ಬಂದಿದೆ. ಅದರೊಳಗೊಂದು ಸಿಮ್ ಕಾರ್ಡು ಇರುವುದರಿಂದ ಬೆಂಗಳೂರಿನ ಕಚೇರಿಯಲ್ಲಿ ಕುಳಿತ ಮಗ ಕಾಫಿ ಕುಡಿಯುತ್ತ ಕೆರೆಯ ನೀರನ್ನು ತೋಟಕ್ಕೆ ಬಿಡಬಲ್ಲ. ಯಾರ ಅಪ್ಪಣೆಯೂ ಇಲ್ಲದೆ ಪೈಪಿನಲ್ಲಿ ನೀರು ಬರುವುದನ್ನು ಕಂಡ ಯಜಮಾನರು ತಮ್ಮಿಂದಲ್ಲದೆ ಮತ್ತಾರಿಂದಲೂ ಹೊರಡದ ವಸ್ತುವೊಂದು ಮನೆಯಲ್ಲಿರಬೇಕೆಂದು ತೀರ್ಮಾನಿಸುತ್ತಾರೆ. ಅವರ ಮುಂದಿನ ನಡತೆಯೆಲ್ಲ ಈ ತೀರ್ಮಾನದಿಂದಲೇ ಅರ್ಥವಾಗುತ್ತದೆ.

ಎಂಜಿನ್ ಬಿಚ್ಚುವುದು ಒಂದು ಮಧ್ಯಾಹ್ನದ ಕೆಲಸ, ಬಿಚ್ಚಿದ್ದು ಜಗಲಿಯಲ್ಲಿರುವುದು ಎರಡು ಮಳೆಗಾಲದ ಮಾತು. ಮೊದಲು ಹೆಡ್ಡು, ಎಂದರೆ ಸಿಲಿಂಡರಿನ ಬಾಯಿ ಮುಚ್ಚುವ ಎರಕದ ಕಬ್ಬಿಣದ ತಲೆ, ಕಳಚಿ ಬರುತ್ತದೆ. ಅದರೊಂದಿಗೆ ಗಾಳಿಯನ್ನು ಒಳಬಿಡುವ ಮತ್ತು ಹೊಗೆಯನ್ನು ಹೊರಬಿಡುವ ಎರಡು ವಾಲ್ವುಗಳು, ಅವುಗಳ ಸ್ಪ್ರಿಂಗುಗಳು, ಸ್ಪ್ರಿಂಗುಗಳನ್ನು ಹಿಡಿದಿಡುವ ‘ಕಾಟರ್’ ಎಂಬ ಬೆರಳ ತುದಿಯಷ್ಟರ ಅರೆಬಿಲ್ಲೆಗಳು. ಇವೆಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆಯಬೇಕೆಂದು ಶಾಸ್ತ್ರ ಹೇಳುತ್ತದಾದರೂ ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗದ್ದರಿಂದ ಡೀಸೆಲಿನಲ್ಲೇ ತೊಳೆದು, ಒಣಗಿದ ಅಡಿಕೆ ಹಾಳೆಯ ಅಂಚು ಮಡಚಿ ಮಾಡಿದ ತಟ್ಟೆಗಳಲ್ಲಿ ಹರವಿ, ಪ್ರತಿ ತಟ್ಟೆಯ ಪಕ್ಕ ಹೆಸರಿನ ಚೀಟಿ ಇಡಲಾಗುತ್ತದೆ. ಮರುಜೋಡಣೆಯಾದ ಮೇಲೆ ನಾಲ್ಕಾರು ಭಾಗಗಳು ಮಿಕ್ಕಿ ಉಳಿಯುತ್ತವೆಂದು ಈ ವರ್ಗದವರ ಮೇಲೆ ಲೋಕವು ಹೊರಿಸುವ ಆರೋಪ ಶುದ್ಧ ಅನ್ಯಾಯದ್ದು. ವಾಸ್ತವದಲ್ಲಿ ಭಾಗಗಳು ಕಡಿಮೆ ಬೀಳುತ್ತವೆ. ಕಾಟರುಗಳು ಅಂಗಳದಲ್ಲಿ ಒಣಹಾಕಿದ ಅಡಿಕೆಯೊಂದಿಗೆ ಬೆರೆತು ಮಂಡಿಗೆ ಹೋಗುತ್ತವೆ; ಪುಶ್ ರಾಡ್, ಎಂದರೆ ವಾಲ್ವನ್ನು ತೆರೆಯಲು ಕೆಳಗಿನಿಂದ ತಳ್ಳುವ ನೆಟ್ಟನೆಯ ಉಕ್ಕಿನ ಕಡ್ಡಿ, ರಜೆಗೆ ಬಂದ ಮೊಮ್ಮಗನ ಬಿಲ್ಲಿಗೆ ಬಾಣವಾಗಿ ತೋಟ ಸೇರುತ್ತದೆ; ಹಾಳೆಗಳಲ್ಲಿ ಎರಡನ್ನು ಗಾಳಿ ಒಯ್ಯುತ್ತದೆ.

ಪ್ರತಿಯೊಬ್ಬ ಎಂಜಿನ್ ಯಜಮಾನರೂ ಜಗಲಿಗೆ ಬಂದವರಿಗೆ ಒಪ್ಪಿಸುವ ಸಿದ್ಧಾಂತವೊಂದಿದೆ, ಅದು ಸರಿಯಾಗಿಯೂ ಇದೆ. ಪೆಟ್ರೋಲ್ ಎಂಜಿನಿನಲ್ಲಿ ಇಂಧನಕ್ಕೆ ಬೆಂಕಿ ಹಚ್ಚುವುದಕ್ಕೆ ವಿದ್ಯುತ್ತಿನ ಕಿಡಿ ಬೇಕು, ಡೀಸೆಲಿನಲ್ಲಿ ಬೇಡ. ಸಿಲಿಂಡರಿನೊಳಗೆ ತುಂಬಿದ ಗಾಳಿಯನ್ನು ಪಿಸ್ಟನ್ ಹದಿನಾರೂವರೆ ಪಾಲಿನಲ್ಲಿ ಒಂದು ಪಾಲಿಗೆ ಇಳಿಯುವಂತೆ ಒತ್ತಿದಾಗ ಆ ಒತ್ತಿಗೇ ಗಾಳಿಯ ಶಾಖ ಐದುನೂರು ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಅದೇ ಗಳಿಗೆಗೆ ನಾಝಲ್ ಎಂಬ ಸೂಕ್ಷ್ಮರಂಧ್ರದ ಕೊಳವೆಯಿಂದ ಡೀಸೆಲನ್ನು ವಾತಾವರಣದ ಒತ್ತಡದ ಸುಮಾರು ಇನ್ನೂರು ಪಟ್ಟು ಒತ್ತಡದಲ್ಲಿ ಚಿಮ್ಮಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರು ಈ ತತ್ತ್ವಕ್ಕೆ 1893ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಪಡೆದು 1897ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಯಂತ್ರವನ್ನು ಓಡಿಸಿ ತೋರಿಸಿದರು. ಕಿಡಿ ಇಲ್ಲ, ಪ್ಲಗ್ಗಿಲ್ಲ, ವೈರಿಲ್ಲ. ಗಾಳಿ, ಎಣ್ಣೆ, ಹೊತ್ತು ಈ ಮೂರು ಸರಿಯಿದ್ದರೆ ಎಂಜಿನಿಗೆ ಹೊರಡದೆ ಬೇರೆ ದಾರಿಯೇ ಇಲ್ಲ ಎಂದು ಯಜಮಾನರು ಮೂರು ಬೆರಳೆತ್ತಿ ತೋರಿಸುತ್ತಾರೆ. ಮೂರು ಬೆರಳಿನ ಈ ಸರಳತೆಯೇ ಅವರನ್ನು ಹಾಳು ಮಾಡಿರುವುದು. ಕೆಡುವುದಕ್ಕೆ ನೂರು ಕಾರಣಗಳಿರುವ ಯಂತ್ರವನ್ನು ಮನುಷ್ಯ ಮೆಕ್ಯಾನಿಕ್‌ಗೆ ಒಪ್ಪಿಸಿ ನಿಶ್ಚಿಂತನಾಗುತ್ತಾನೆ. ಮೂರೇ ಕಾರಣಗಳಿರುವುದನ್ನು ಮಾತ್ರ ತಾನೇ ಗೆಲ್ಲಬಲ್ಲೆನೆಂದು ಕೂರುತ್ತಾನೆ.

ಇತಿಹಾಸದ ಪಾಠ ಅಡುಗೆಮನೆಗೂ ಮುಟ್ಟುತ್ತದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಸಣ್ಣದೊಂದು ಡೀಸೆಲ್ ಎಂಜಿನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಲಾಗಿತ್ತು ಎಂಬ ಸತ್ಯಸಂಗತಿಯನ್ನು ಯಜಮಾನರು ಊಟದ ಹೊತ್ತಿನಲ್ಲಿ ಹೇಳಿದ ದಿನದಿಂದ, ಕಡಲೆಕಾಯಿ ಎಣ್ಣೆಯ ಡಬ್ಬವು ದೇವರ ಕೋಣೆಗೆ ಸ್ಥಳಾಂತರವಾಗಿ, ಸ್ನಾನ ಮಾಡದವರು ಮುಟ್ಟಲಾಗದ ವಸ್ತುಗಳ ಪಟ್ಟಿಗೆ ಸೇರುತ್ತದೆ. ಆಗ ಅವರ ದೃಷ್ಟಿ ಹೊಂಗೆಯ ಮರದತ್ತ ಹೊರಳುತ್ತದೆ. ಹೊಂಗೆ ಎಣ್ಣೆ ಡೀಸೆಲಿಗಿಂತ ಮಂದವಾದ್ದರಿಂದ ಹಾಗೆಯೇ ಸುರಿದರೆ ನಾಝಲಿನ ಬಾಯಲ್ಲಿ ಮಸಿ ಕಟ್ಟುತ್ತದೆಂದೂ, ಅದನ್ನು ಮದ್ಯಸಾರದೊಂದಿಗೆ ರಾಸಾಯನಿಕವಾಗಿ ಮಾರ್ಪಡಿಸಿದ ಮೇಲೆಯೇ ಜೈವಿಕ ಡೀಸೆಲ್ ಎನಿಸಿಕೊಳ್ಳುತ್ತದೆಂದೂ ಎಂಜಿನಿಯರಿಂಗ್ ಓದುವ ನೆಂಟರ ಹುಡುಗ ತಿಳಿಸುವವರೆಗೆ, ಅಟ್ಟದಲ್ಲಿ ಹೊಂಗೆ ಬೀಜದ ಚೀಲಗಳು ಕೂಡುತ್ತಲೇ ಇರುತ್ತವೆ. ಮದ್ಯಸಾರ ಎಂಬ ಮಾತು ಕಿವಿಗೆ ಬಿದ್ದಾಕ್ಷಣ ಮನೆಯೊಡತಿ ಆ ಯೋಜನೆಯನ್ನು ಖುದ್ದಾಗಿ ಮುಕ್ತಾಯಗೊಳಿಸುತ್ತಾರೆ.

ಅಳತೆಯ ವಿಷಯದಲ್ಲಿ ಈ ಪ್ರಭೇದದ ನಿಷ್ಠೆ ಅಸಾಧಾರಣವಾದದ್ದು. ಎಂಜಿನಿನ ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವೆ ಬೇಕೆಂದೇ ಬಿಟ್ಟಿರುವ ಸಂದುಗಳನ್ನು ಲೇತಿನ ಕೆಲಸದವರು ಇಂದಿಗೂ ‘ಥೌ’ ಲೆಕ್ಕದಲ್ಲಿ ಹೇಳುತ್ತಾರೆ; ಅಂಗುಲವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಥೌ. ತೋಟದ ಬೇಲಿಯ ಬಗ್ಗೆ ದಾಯಾದಿಯೊಡನೆ ಇರುವ ಎರಡು ಅಡಿಯ ವ್ಯತ್ಯಾಸವನ್ನು ಇಪ್ಪತ್ತು ವರ್ಷಗಳಿಂದ ಬಗೆಹರಿಸಿಕೊಳ್ಳಲಾಗದವರು ಎರಡು ಥೌ ವ್ಯತ್ಯಾಸಕ್ಕೆ ರಾತ್ರಿಯ ಊಟ ಬಿಡುತ್ತಾರೆ. ಇವುಗಳಲ್ಲಿ ಅವರಿಗೆ ಅತಿಪ್ರಿಯವಾದದ್ದು ಬಂಪಿಂಗ್ ಕ್ಲಿಯರೆನ್ಸ್ ಎಂಬುದು: ಪಿಸ್ಟನ್ ತುತ್ತತುದಿಗೆ ಏರಿದಾಗ ಅದರ ನೆತ್ತಿಗೂ ಹೆಡ್ಡಿಗೂ ನಡುವೆ ಉಳಿಯಬೇಕಾದ, ಒಂದು ಮಿಲಿಮೀಟರಿನ ಆಸುಪಾಸಿನ ಸಂದು. ಇದನ್ನು ಕಣ್ಣಿನಿಂದ ನೋಡುವಂತಿಲ್ಲ. ಆದ್ದರಿಂದ ಪಿಸ್ಟನ್ ಮೇಲೆ ಸೀಸದ ತಂತಿಯ ತುಂಡನ್ನಿಟ್ಟು, ಹೆಡ್ಡನ್ನು ಬಿಗಿದು, ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಮತ್ತೆ ಹೆಡ್ಡನ್ನು ಬಿಚ್ಚಿ, ಚಪ್ಪಟೆಯಾದ ತಂತಿಯ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ಬಿಚ್ಚುವುದು, ಬಿಗಿಯುವುದು, ಮತ್ತೆ ಬಿಚ್ಚುವುದು ಎಂಬ ಮೂರೂ ಸುಖಗಳು ಒಂದೇ ಕ್ರಿಯೆಯಲ್ಲಿ ದೊರಕುವುದರಿಂದ ಸಂದು ಸರಿಯಾಗಿದ್ದಾಗಲೂ ಅಳತೆಯನ್ನು ಪುನಃ ಪರಿಶೀಲಿಸುವ ವಾಡಿಕೆ ಬೆಳೆದಿದೆ.

ಗೃಹಕೃತ್ಯದ ಉಪಕರಣಗಳು ಈ ಹಂತದಲ್ಲಿ ಒಂದೊಂದಾಗಿ ಯಂತ್ರಸೇವೆಗೆ ನೇಮಕವಾಗುತ್ತವೆ. ಪಿಸ್ಟನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ ಎಂಬ ಉಕ್ಕಿನ ಗೂಟ ತಣ್ಣಗಿರುವಾಗ ಒಳಹೋಗುವುದಿಲ್ಲ. ಅಲ್ಯುಮಿನಿಯಂ ಪಿಸ್ಟನ್ನನ್ನು ಕುದಿನೀರಿನಲ್ಲಿಟ್ಟರೆ ಅದರ ತೂತು ಕೂದಲೆಳೆಯಷ್ಟು ಹಿಗ್ಗಿ ಗೂಟವನ್ನು ಹೆಬ್ಬೆರಳಿನಿಂದಲೇ ತಳ್ಳಬಹುದಾಗುತ್ತದೆ. ಮಲೆನಾಡಿನ ಬಚ್ಚಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಯುವ ತಾಮ್ರದ ಹಂಡೆ ಈ ವಿಧಿಗೆಂದೇ ನಿರ್ಮಿತವಾದದ್ದೆಂದು ಯಜಮಾನರು ನಂಬಿ, ಪಿಸ್ಟನ್ನಿಗೆ ತಂತಿ ಕಟ್ಟಿ ಇಳಿಬಿಡುತ್ತಾರೆ. ಅಂದು ಅಭ್ಯಂಜನಕ್ಕೆ ಇಳಿದ ಅಳಿಯನ ಮೈಯಲ್ಲಿ ಸೀಗೆಪುಡಿಗೂ ಜಗ್ಗದ ಒಂದು ಪರಿಮಳ ಉಳಿಯುತ್ತದೆ. ಇದರ ವಿಲೋಮವಾಗಿ, ಬಿಗಿಯಾದ ತೂತಿಗೆ ಕೂರಿಸಬೇಕಾದ ಕಂಚಿನ ಬುಷ್ಷುಗಳನ್ನು ಕುಗ್ಗಿಸಲು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಮೊಮ್ಮಕ್ಕಳ ಐಸ್‌ಕ್ರೀಮಿನ ಪಕ್ಕಕ್ಕೆ ಇಡಲಾಗುತ್ತದೆ. ಮನೆಯೊಡತಿಯ ಪ್ರತಿಭಟನೆ ದೀರ್ಘವಾದದ್ದಲ್ಲ. ‘ಚೌತಿಯೊಳಗೆ ಜಗಲಿ ಸಿಗ್ತದಾ, ಗಣಪತಿಯನ್ನು ಅಂಗಳದಲ್ಲಿ ಕೂರಿಸ್ಬೇಕಾ, ಅಷ್ಟು ಹೇಳಿ ಸಾಕು’ ಎಂಬುದು ಅದರ ಪೂರ್ಣಪಾಠ.

ತಮ್ಮ ಕೈಯಿಂದಾಗದು ಎಂದು ಇವರು ಒಪ್ಪಿಕೊಳ್ಳುವ ಭಾಗ ಒಂದೇ, ಅದು ಇಂಧನವನ್ನು ಒತ್ತುವ ಎಫ್‌ಐ ಪಂಪು. ಅದರೊಳಗಿನ ಪ್ಲಂಜರ್ ಎಂಬ ಉಕ್ಕಿನ ದಿಂಡಿಗೂ ಅದು ಓಡಾಡುವ ಕೊಳವೆಗೂ ನಡುವಿನ ಸಂದು ಎರಡು ಮೂರು ಮೈಕ್ರಾನು ಮಾತ್ರ, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ತಲೆಗೂದಲು ಇದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ದಪ್ಪ. ಡೀಸೆಲನ್ನು ಅಷ್ಟು ಸೂಕ್ಷ್ಮವಾಗಿ ಅಳೆದು ಒತ್ತುವ ಪಂಪುಗಳನ್ನು ಜರ್ಮನಿಯ ಬಾಷ್ ಕಂಪನಿ 1927ರಿಂದ ಹೆಚ್ಚಿನ ಪ್ರಮಾಣದಲ್ಲಿ ತಯಾರಿಸತೊಡಗಿತು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಅವನ್ನು ಇಲ್ಲಿಯೇ ಮಾಡಿತು. ಆ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ಎಂಜಿನ್ ಯಜಮಾನರ ಬಾಯಲ್ಲಿ ಮೈಕೋ ಮೈಕೋವೇ. ಪಂಪನ್ನು ಶುಭ್ರವಾದ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಶಿವಮೊಗ್ಗೆಗೋ ಹುಬ್ಬಳ್ಳಿಗೋ ಒಯ್ಯುತ್ತಾರೆ. ಮಗಳನ್ನು ಹಾಸ್ಟೆಲಿಗೆ ಸೇರಿಸುವಾಗ ಆಕೆಯೊಬ್ಬಳನ್ನೇ ಅದೇ ಬಸ್ಸು ಹತ್ತಿಸಿ ಮನೆಗೆ ಮರಳಿದವರು ಇವರೇ.

ಎಂಜಿನ್ ಜಗಲಿಯಲ್ಲಿರುವುದರಿಂದ ಕವಳದ ತಟ್ಟೆಯೂ ಎಂಜಿನೂ ಪಕ್ಕಪಕ್ಕದಲ್ಲಿರುವುದು ಅನಿವಾರ್ಯ, ಬಂದವರು ಎಲೆಗೆ ಸುಣ್ಣ ಹಚ್ಚುತ್ತ ಅಭಿಪ್ರಾಯ ಕೊಡುವುದೂ ಅನಿವಾರ್ಯ. ‘ಭಾವ, ಪಿಸ್ಟನ್ನಿನ ರಿಂಗು ತಿರುವುಮುರುವಾಗಿದೆ’ ಎಂದು ಒಬ್ಬರು, ಗವರ್ನರಿನ ಸ್ಪ್ರಿಂಗು ಸತ್ತಿದೆಯೆಂದು ಇನ್ನೊಬ್ಬರು ತೀರ್ಪು ನೀಡುತ್ತಾರೆ. ಹೊರೆ ಏರಿಳಿದಾಗ ಡೀಸೆಲನ್ನು ತಕ್ಕಂತೆ ಹೆಚ್ಚಿಸಿ ತಗ್ಗಿಸಿ ವೇಗವನ್ನು ಒಂದೇ ಸಮನೆ ಇಡುವ ಅಂಗವೇ ಗವರ್ನರು, ಅದರ ಬಗ್ಗೆ ಮಾತಾಡುವಾಗ ರಾಜಭವನದ ಒಂದು ಹಾಸ್ಯವೂ ತಪ್ಪದೆ ಬರುತ್ತದೆ. ಪುರೋಹಿತರು ಎಂಜಿನಿನ ಮುಖ ದಕ್ಷಿಣಕ್ಕಿರುವುದನ್ನು ಗಮನಿಸುತ್ತಾರೆ. ಯಜಮಾನರು ಎಲ್ಲರ ಮಾತನ್ನೂ ಕೇಳಿ ಯಾರದನ್ನೂ ಪಾಲಿಸುವುದಿಲ್ಲ, ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಎಂಜಿನಿನ ಮುಖವನ್ನು ಪೂರ್ವಕ್ಕೆ ತಿರುಗಿಸಿರುತ್ತಾರೆ.

ಹೊರಡಿಸುವ ದಿನ ಗಾಳಿ ಮತ್ತು ಎಣ್ಣೆ ಸಿದ್ಧವಾಗಿ ಹೊತ್ತೊಂದು ಉಳಿಯುತ್ತದೆ. ಪಿಸ್ಟನ್ ತುದಿ ಮುಟ್ಟುವುದಕ್ಕೆ ಸುಮಾರು 23 ಡಿಗ್ರಿ ಮೊದಲೇ ಡೀಸೆಲ್ ಚಿಮ್ಮತೊಡಗಬೇಕು. ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನಿನಲ್ಲಿ ಒಂದು ಡಿಗ್ರಿಯೆಂದರೆ ಸೆಕೆಂಡಿನ ಒಂಬತ್ತು ಸಾವಿರದಲ್ಲೊಂದು ಭಾಗ. ಮಗಳ ಮದುವೆಯಲ್ಲಿ ಧಾರೆಯ ಮುಹೂರ್ತವನ್ನು ಮುಕ್ಕಾಲು ಗಂಟೆ ಮೀರಿಸಿದವರು ಈ ಹೊತ್ತನ್ನು ಮಾತ್ರ ಹಿಡಿದೇ ತೀರುತ್ತಾರೆ. ಪಂಪಿನ ಅಡಿಯಲ್ಲಿ ಇಡುವ ‘ಶಿಮ್’ ಎಂಬ ತೆಳುತಗಡುಗಳನ್ನು ತೆಗೆದು ಸೇರಿಸಿ ಹೊತ್ತನ್ನು ಹಿಂದುಮುಂದು ಮಾಡುವುದು ಇದರ ಕ್ರಮ. ಬಳಿಕ ಡೀಸೆಲಿನ ಕೊಳವೆಯಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳನ್ನು ನಟ್ಟು ಸಡಿಲಿಸಿ ಹೊರದಬ್ಬಿ, ವಾಲ್ವನ್ನು ತೆರೆದಿಟ್ಟು ಒತ್ತಡವನ್ನು ಹಾಯಬಿಡುವ ಡಿಕಂಪ್ರೆಷನ್ ಲಿವರನ್ನು ಎತ್ತಿ ಹಿಡಿದು, ಹ್ಯಾಂಡಲನ್ನು ತಿರುಗಿಸುತ್ತ ಚಕ್ರಕ್ಕೆ ವೇಗ ಬಂದೊಡನೆ ಲಿವರನ್ನು ಬಿಡಬೇಕು. ಗವರ್ನರಿನ ಸಲಾಕೆಯನ್ನು ತಲೆಕೆಳಗಾಗಿ ಜೋಡಿಸಿದ್ದರೆ ಎಂಜಿನ್ ಹತೋಟಿ ಮೀರಿ ಓಡುತ್ತದೆ, ಆಗ ಗಾಳಿಯ ಬಾಯಿಯನ್ನು ಮುಚ್ಚುವುದಲ್ಲದೆ ಅದನ್ನು ನಿಲ್ಲಿಸುವ ಉಪಾಯ ಕಡಿಮೆ. ಇದಕ್ಕೆಂದು ಒಂದು ಹಲಗೆ ಹಿಡಿದು ನಿಲ್ಲುವ ಹೊಣೆ ಯಾವಾಗಲೂ ಭಾವಮೈದುನನಿಗೆ ಬರುತ್ತದೆ.

ಮೊದಲ ಹೊಗೆ ಬಿಳಿಯದು, ಹೊತ್ತಿಕೊಳ್ಳದ ಡೀಸೆಲಿನದು. ಕಪ್ಪು ಹೊಗೆಯೆಂದರೆ ಗಾಳಿಗೆ ಮೀರಿದ ಎಣ್ಣೆ, ನೀಲಿ ಹೊಗೆಯೆಂದರೆ ರಿಂಗುಗಳನ್ನು ದಾಟಿ ಬಂದ ಎಂಜಿನ್ ಆಯಿಲ್. ನಾಡಿ ಹಿಡಿದ ಪಂಡಿತರಂತೆ ಕಣ್ಣು ಅರೆಮುಚ್ಚಿ ಯಜಮಾನರು ಹೊಗೆಯನ್ನು ಪರೀಕ್ಷಿಸುತ್ತಿರುವಾಗ ಹಿತ್ತಲಲ್ಲಿ ಒಣಹಾಕಿದ ಸೀರೆಗಳು ಮೂರೂ ಬಣ್ಣಗಳನ್ನು ಸ್ವೀಕರಿಸಿರುತ್ತವೆ. ಆಮೇಲೆ ಸದ್ದು ಹದಕ್ಕೆ ಬಂದು ಜಗಲಿಯ ಕಂಬ, ಕವಳದ ತಟ್ಟೆಯ ಅಡಕತ್ತರಿ, ಗೋಡೆಯ ಮೇಲಿನ ಹಿರಿಯರ ಪಟ, ಎಲ್ಲವೂ ಒಂದೇ ತಾಳಕ್ಕೆ ಅದುರತೊಡಗಿದಾಗ ಮನೆಮಂದಿಗೆ ಆಗುವ ಸಂತೋಷ ನಿಜವಾದದ್ದು. ಸದ್ದು ಕೇಳಿ ತೋಟದಾಚೆಯ ಮನೆಯವರೂ ಓಡಿ ಬರುತ್ತಾರೆ. ಬೇಲಿಯ ದಾಯಾದಿ ಸಹ ಬೇಲಿಯವರೆಗೆ ಬರುತ್ತಾನೆ.

ಇಲ್ಲಿಗೆ ಯಜಮಾನರ ಕೀರ್ತಿ ಪೂರ್ಣವಾಗಬೇಕಿತ್ತು. ಆದರೆ ಸಿಲಿಂಡರಿನ ಒಳಗೊಳವೆಯಾದ ಹೊಸ ಲೈನರು, ಹೊಸ ರಿಂಗು, ತಿದ್ದಿದ ನಾಝಲು, ಹಿಡಿದಿಟ್ಟ ಹೊತ್ತು, ಇವೆಲ್ಲದರ ಫಲವಾಗಿ ಎಂಜಿನ್ ಈಗ ಒಂದೇ ಹ್ಯಾಂಡಲಿಗೆ ಹೊರಡುತ್ತದೆ. ಹಿಂದೆ ಚಕ್ರವನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಗಾಳಿಯ ಬಾಯಿಗೆ ಒಂದು ಚಮಚ ಎಣ್ಣೆ ಹನಿಸಿ, ಮೂರನೆಯ ಸುತ್ತಿಗೆ ಲಿವರು ಬಿಡುವ ಗುಟ್ಟು ಯಜಮಾನರೊಬ್ಬರಿಗೇ ಗೊತ್ತಿತ್ತು. ಆ ಗುಟ್ಟೆಲ್ಲ ಸವೆದ ಲೈನರಿನಿಂದ ಬಂದದ್ದಾದ್ದರಿಂದ ಲೈನರಿನೊಂದಿಗೇ ಗುಜರಿಗೆ ಹೋಯಿತು. ಅವರು ಪೇಟೆಗೆ ಹೋಗಿದ್ದ ದಿನ ಸೊಸೆ ಎಂಜಿನನ್ನು ತಾನೇ ಹೊರಡಿಸಿ, ಅದರ ವೀಡಿಯೋ ಮಾಡಿ, ಬಂಧುವರ್ಗದ ವಾಟ್ಸಾಪಿಗೆ ಹಾಕಿದ್ದನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದ ಯಜಮಾನರು ಭೇಷ್ ಎಂದು ಬರೆದು ಕಳುಹಿಸುತ್ತಾರೆ, ಮತ್ತು ಬಂದ ಬಸ್ಸನ್ನು ಬಿಟ್ಟು ಗುಜರಿ ಅಂಗಡಿಯತ್ತ ನಡೆಯುತ್ತಾರೆ.

ಅಲ್ಲಿ ಅವರಿಗಾಗಿ ಕಾದಿರುವುದು, ಮುಚ್ಚಿಹೋದ ಅಕ್ಕಿ ಗಿರಣಿಯಿಂದ ಬಂದ, ಎರಡು ದೊಡ್ಡ ಚಕ್ರಗಳ, ನಿಮಿಷಕ್ಕೆ 650 ಸುತ್ತು ಮಾತ್ರ ತಿರುಗುವ ಲಿಸ್ಟರ್ ಜಾತಿಯ ಎಂಜಿನು. ಇದರ ಮೂಲ ಮಾದರಿ ಇಂಗ್ಲೆಂಡಿನ ಡರ್ಸ್‌ಲಿ ಎಂಬ ಊರಿನದು. ಅದರ ಪ್ರತಿರೂಪಗಳನ್ನು ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ಹಲವು ದಶಕ ಎರಕ ಹೊಯ್ದು ದೇಶವೆಲ್ಲಕ್ಕೂ ಹಂಚಿದವು. ಚಕ್ರ ತಿರುಗದಷ್ಟು ತುಕ್ಕು ಹಿಡಿದಿದೆ, ಪಿಸ್ಟನ್ ಲೈನರಿಗೆ ಕಚ್ಚಿಕೊಂಡಿದೆ, ಕೈಪಿಡಿ ಯಾರ ಬಳಿಯೂ ಇಲ್ಲ. ಯಜಮಾನರು ಚೌಕಾಸಿ ಮಾಡದೆ ಹಣ ಕೊಡುತ್ತಾರೆ. ಮನೆಯಲ್ಲಿ ಈ ಬಾರಿ ಒಡಂಬಡಿಕೆ ಸ್ಪಷ್ಟವಾಗಿದೆ: ಎಂಜಿನ್ ಜಗಲಿಯ ಮೆಟ್ಟಿಲು ಹತ್ತಕೂಡದು, ದನಗಳನ್ನು ಮಾರಿ ಖಾಲಿಯಾಗಿರುವ ಕೊಟ್ಟಿಗೆಯಲ್ಲೇ ಇರತಕ್ಕದ್ದು, ಹಂಡೆಯನ್ನೂ ಫ್ರಿಜ್ಜನ್ನೂ ಮುಟ್ಟಕೂಡದು. ಯಜಮಾನರು ಎಲ್ಲಕ್ಕೂ ಒಪ್ಪಿ, ಮಳೆಗಾಲದಲ್ಲಿ ಕರೆಂಟು ಹೋದಾಗ ಕತ್ತಲಲ್ಲಿ ಎಂಜಿನಿನ ಕೆಲಸ ನಿಂತುಹೋಗುತ್ತದೆಂಬ ಒಂದು ಅಡಚಣೆಯನ್ನು ಮಾತ್ರ ಮುಂದಿಟ್ಟು, ಕೊಟ್ಟಿಗೆಗೆಂದೇ ಬೇರೆಯಾದ ಒಂದು ಇನ್ವರ್ಟರನ್ನೂ ಎರಡು ದೀಪಗಳನ್ನೂ ಮಗನಿಂದ ತರಿಸಿಕೊಂಡಿದ್ದಾರೆ.